ಇಯಾದನ ಉಸಿರು

ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಮಗುವಿನ ಬೆನ್ನಿಗಿಡುವ ಮುನ್ನ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವುದು ಡಾಕ್ಟರ್ ವಿದಾದಳ ಅಭ್ಯಾಸ. ಆ ಶನಿವಾರ ಬೆಳಿಗ್ಗೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಉಜ್ಜುತ್ತಿದ್ದೇನೆಂದು ಅವಳಿಗೇ ಅನ್ನಿಸಿತು. ಏನು ಕೇಳಿಸುತ್ತದೆಂದು ಗೊತ್ತಿತ್ತು. ಐದು ತಿಂಗಳ ಇಯಾದನ ಶ್ವಾಸಕೋಶದ ತಳದಲ್ಲಿ, ಉಸಿರು ಒಳಕ್ಕೆ ಹೋದಾಗಲೆಲ್ಲ, ಕಾದ ಬಾಣಲೆಗೆ ಉಪ್ಪು ಉದುರಿಸಿದಂತೆ ಸಣ್ಣ ಚಟಪಟ. ಜ್ವರವಿಲ್ಲ, ಕೆಮ್ಮು ಇದ್ದೂ ಇಲ್ಲದಷ್ಟು. ಯಾರು ಬಗ್ಗಿ ನೋಡಿದರೂ ನಗುವ ಮಗು. ಆದರೆ ನಗುವಾಗಲೂ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಮಲಗಿದ್ದಲ್ಲೇ ಓಡಿಬಂದವನ ಏದುಸಿರು. ಹಾಲಿಗೆ ಬಾಯಿ ಹಾಕಿ ಅರ್ಧಕ್ಕೇ ಸುಸ್ತಾಗಿ ಬಿಟ್ಟುಬಿಡುತ್ತಿದ್ದ, ತೂಕ ಏರುತ್ತಿರಲಿಲ್ಲ. ಮೂಗಿನ ಕೆಳಗಿನ ಆಮ್ಲಜನಕದ ನಳಿಗೆ ಕೊಂಚ ಸರಿದರೂ ತುಟಿ ನೇರಳೆಗೆ ತಿರುಗುತ್ತಿತ್ತು. ಇಷ್ಟೆಲ್ಲ ಇದ್ದವನು ಅವಳ ಕೊರಳಪಟ್ಟಿ ಹಿಡಿದು ಎಳೆದು ಆಡುತ್ತಿದ್ದದ್ದೇ ಅವಳಿಗೆ ತಡೆಯಲಾಗದ ಸಂಗತಿಯಾಗಿತ್ತು.

‘ಸ್ವಲ್ಪ ಪರವಾಗಿಲ್ವಾ ಡಾಕ್ಟರಮ್ಮ?’ ಎಂದಳು ಕಿಟಕಿಯ ಬಳಿ ಕೂತಿದ್ದ ಅಜ್ಜಿ ಮಂಜಿಯಾ. ತಾಯಿ ಸಿಹೆಮ್ ಏನೂ ಕೇಳಲಿಲ್ಲ. ಕೇಳುವುದನ್ನು ಅವಳು ಬಿಟ್ಟು ಒಂದು ವಾರವಾಗಿತ್ತು. ‘ನೋಡೋಣ ದೊಡ್ಡಮ್ಮ,’ ಎಂದಳು ವಿದಾದ್. ನೋಡೋಣ ಎನ್ನುವುದು ಎಷ್ಟು ಅನುಕೂಲದ ಮಾತು ಎಂದು ಅದೇ ಕ್ಷಣ ಅನ್ನಿಸಿತು. ನೋಡುವುದಕ್ಕೆ ಉಳಿದದ್ದು ಒಂದೇ: ಸೋಮವಾರ ಆ ಪುಟ್ಟ ಎದೆಯನ್ನು ಪಕ್ಕದಿಂದ ಕೊಯ್ದು, ಶ್ವಾಸಕೋಶದ ಒಂದು ಚೂರು ಕತ್ತರಿಸಿ ತೆಗೆದು ಸೂಕ್ಷ್ಮದರ್ಶಕದ ಅಡಿಯಲ್ಲಿಡುವುದು. ಹೃದಯ ನೋಡಿಯಾಗಿತ್ತು, ಸರಿಯಾಗಿತ್ತು. ಬೆವರಿನ ಪರೀಕ್ಷೆ, ರಕ್ತದ ಪರೀಕ್ಷೆಗಳಲ್ಲೂ ಏನೂ ಸಿಗಲಿಲ್ಲ, ಯಾವ ಸೋಂಕೂ ಇರಲಿಲ್ಲ. ಕೊಟ್ಟ ಸ್ಟೀರಾಯ್ಡ್ ಮಗುವಿನ ಕೆನ್ನೆಯನ್ನು ಉಬ್ಬಿಸಿತೇ ಹೊರತು ಉಸಿರನ್ನು ಇಳಿಸಲಿಲ್ಲ. ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶಗಳ ಮೇಲೆ ಉಸಿರು ಊದಿದ ಗಾಜಿನಂಥ ಮಬ್ಬು. ಹುಟ್ಟಿನಿಂದಲೇ ಬರುವ, ಗಾಳಿಗೂಡುಗಳ ಗೋಡೆಯನ್ನೇ ಹಿಡಿಯುವ ಕಾಯಿಲೆ. ಸಾವಿರಾರು ಮಕ್ಕಳಲ್ಲಿ ಒಬ್ಬರಿಗೆ. ಅದನ್ನು ಮೊದಲು ಊಹಿಸಿದವಳು ತಾನೇ. ಸ್ಫಾಕ್ಸ್ ನಗರದ ಈ ಆಸ್ಪತ್ರೆಯಲ್ಲಿ ಬೇರೆ ಯಾರೂ ಇಷ್ಟು ಬೇಗ ಗುರುತಿಸುತ್ತಿರಲಿಲ್ಲವೆಂದು ಪ್ರೊಫೆಸರ್ ಹಾಫಿದ್ ವಿದ್ಯಾರ್ಥಿಗಳ ಮುಂದೆಯೇ ಹೇಳಿದ್ದರು. ಅಂದು ಸಂಜೆ ಮನೆಗೆ ಹೋಗುವಾಗ ಒಳಗೊಳಗೇ ಒಂದು ಹಿಗ್ಗು. ವಸಂತದಲ್ಲಿ ರಾಜಧಾನಿ ಟ್ಯೂನಿಸಿನ ಸಮ್ಮೇಳನದಲ್ಲಿ ಈ ಬಗ್ಗೆ ಮಾತಾಡಬಹುದು ಎಂದು ವಾಕ್ಯಗಳನ್ನು ಜೋಡಿಸುತ್ತ ಹೋದವಳು ಮನೆಯ ತಿರುವನ್ನೇ ದಾಟಿಬಿಟ್ಟಿದ್ದಳು. ಸಾಯಬಹುದಾದ ಮಗುವಿನಿಂದ ತನಗೆ ಬಂದ ಹಿಗ್ಗು. ಈಗ ನೆನೆದರೆ ನಾಲಿಗೆಯ ಮೇಲೆ ಕಹಿ.

‘ಮನೆಮದ್ದು, ಗಿಡಮೂಲಿಕೆ ಎಲ್ಲ ಕೇಳಿದೀಯಲ್ಲ?’ ಎಂದು ಪ್ರೊಫೆಸರ್ ವಿಚಾರಿಸಿದ್ದರು. ‘ಕೇಳಿದೀನಿ ಸರ್. ಏನೂ ಇಲ್ಲ.’ ನಿಜವಾಗಿಯೂ ಕೇಳಿದ್ದಳು. ಬಂದ ಮೊದಲ ದಿನವೇ, ಕೈಯಲ್ಲಿ ಪೆನ್ನು ಹಿಡಿದು, ನಿಂತುಕೊಂಡೇ: ನಾಟಿ ಔಷಧಿ, ಸೊಪ್ಪಿನ ರಸ, ಯಾರಾದರೂ ಕೊಟ್ಟ ಪುಡಿ? ಸಿಹೆಮ್ ಒಮ್ಮೆ ಅತ್ತೆಯ ಕಡೆ ನೋಡಿದಳು. ಮಂಜಿಯಾ ಎದೆಯ ಮೇಲೆ ಕೈಯಿಟ್ಟು, ‘ದೇವರಾಣೆ ಇಲ್ಲ ಡಾಕ್ಟರಮ್ಮ. ಜಬಿನಿಯಾನಾದವರು ಅಂದ ತಕ್ಷಣ ಕಾಡುಜನ ಅಂದ್ಕೊಂಡ್ರಾ,’ ಎಂದಿದ್ದಳು. ವಿದಾದಳಿಗೆ ಮುಖ ಬಿಸಿಯಾಗಿತ್ತು. ಹಳ್ಳಿಯವರೆಂದು ಅನುಮಾನಿಸಿದೆನಲ್ಲ ಎಂಬ ನಾಚಿಕೆಯಲ್ಲಿ ಮುಂದಿನ ಪ್ರಶ್ನೆಗೆ ಓಡಿದ್ದಳು. ಮುಂದಿನ ಪ್ರಶ್ನೆಗೆ ಉತ್ತರ ಸಿಕ್ಕಿಯೇ ಬಿಟ್ಟಿತ್ತು: ಗಂಡ ಹೆಂಡತಿ ರಕ್ತಸಂಬಂಧಿಗಳು. ಮಂಜಿಯಾಳ ಸ್ವಂತ ತಮ್ಮನ ಮಗಳು ಸಿಹೆಮ್. ಗಂಡ ವಜ್ದಿ ಅವಳ ಸೋದರತ್ತೆಯ ಮಗ. ಅಲ್ಲಿಗೆ ಎಲ್ಲ ಸರಿಯಾಗಿ ಕೂತಂತಾಯಿತು. ಕೂತ ಮೇಲೆ ಮತ್ತೆ ಎಬ್ಬಿಸಿ ನೋಡುವವರು ಯಾರು.

ಆ ಮಾತನ್ನು ಕಳೆದ ವಾರ ತನ್ನ ಕೋಣೆಯಲ್ಲಿ ಮೂವರನ್ನೂ ಕೂರಿಸಿಕೊಂಡು ಹೇಳಿದ್ದಳು. ಇಂಥ ಕಾಯಿಲೆ ಸಂಬಂಧದೊಳಗೆ ಮದುವೆಯಾದವರ ಮಕ್ಕಳಿಗೆ ಬರುವುದು ಹೆಚ್ಚು, ರಕ್ತವನ್ನು ಪ್ಯಾರಿಸಿಗೆ ಕಳಿಸಿದ್ದೇವೆ, ಉತ್ತರ ಬರುವವರೆಗೆ ಇನ್ನೊಂದು ಮಗುವಿನ ಯೋಚನೆ ಬೇಡ. ಬಹಳ ಮೆತ್ತಗೆ ಹೇಳಿದ್ದಳು. ಮೆತ್ತಗೆ ಹೇಳಿದರೆ ಕಡಿಮೆ ನೋಯುತ್ತದೆಂದು ವೈದ್ಯರು ತಮ್ಮ ಸಮಾಧಾನಕ್ಕೆ ನಂಬಿಕೊಳ್ಳುತ್ತಾರೆ. ವಜ್ದಿ ತನ್ನ ಕಾರಿನ ಕೀಲಿಯನ್ನೇ ನೋಡುತ್ತ ಕೂತ. ಜಬಿನಿಯಾನಾ–ಸ್ಫಾಕ್ಸ್ ನಡುವೆ ಬಾಡಿಗೆ ಕಾರು ಓಡಿಸುವವನು. ಅಂದಿನಿಂದ ಗೇಟಿನ ತನಕ ಬಂದು ಊಟದ ಬುತ್ತಿ ಕಳಿಸಿ ಹಾಗೇ ಹೊರಟುಹೋಗುತ್ತಿದ್ದ. ‘ಈ ಮದುವೆ ಮಾಡಿಸಿದ್ದು ನಾನೇ,’ ಎಂದಿದ್ದಳು ಮಂಜಿಯಾ, ಯಾರನ್ನೂ ನೋಡದೆ. ‘ಹೊರಗಿನ ಹುಡುಗಿ ಯಾಕೆ, ತಮ್ಮನ ಮಗಳು ಇದಾಳಲ್ಲ ಅಂತ ನಾನೇ ಹಟ ಹಿಡಿದು ತಂದ್ಕೊಂಡೆ.’ ಸಿಹೆಮ್ ತಲೆ ತಗ್ಗಿಸಿ ಮಗುವಿನ ಕಾಲುಚೀಲ ಸರಿಮಾಡುತ್ತಿದ್ದಳು. ಮೂವರೂ ಎದ್ದು ಹೋದ ಮೇಲೆ ವಿದಾದ್ ಕಿಟಕಿ ತೆರೆದಿಟ್ಟಳು. ಮರುದಿನ ನರ್ಸುಗಳಿಗೆ ಹೇಳಿ, ಭೇಟಿಯ ಹೊತ್ತಲ್ಲದಿದ್ದರೂ ಅಜ್ಜಿಯನ್ನು ಒಳಗೆ ಬಿಡಿ ಎಂದಳು. ಅದು ಕರುಣೆ ಎಂದು ತಿಳಿದಿದ್ದಳು. ಆಡಿದ ಮಾತಿನ ಭಾರ ಸ್ವಲ್ಪ ಇಳಿಸಿಕೊಳ್ಳುವ ಉಪಾಯವೂ ಆಗಿತ್ತು. ಆ ನಂತರದ ದಿನಗಳಲ್ಲಿ, ಸ್ವಲ್ಪ ಸುಧಾರಿಸುತ್ತಿದ್ದ ಮಗುವಿನ ಸ್ಥಿತಿ ಮತ್ತೆ ಹದಗೆಟ್ಟಿತು. ಕಾಯಿಲೆ ಮುಂದುವರಿಯುತ್ತಿದೆ ಎಂದು ಕಡತದಲ್ಲಿ ಬರೆದಳು.

ಭಾನುವಾರ ತಾಯಿಯ ಮನೆಯಲ್ಲಿ ಊಟ. ತಾಯಿ ಝಕಿಯಾ ಮೀನಿನ ಕುಸ್ಕುಸ್ ಮಾಡಿದ್ದಳು. ತಂಗಿ ನೂಹಾ ಹೊಸ ಕೂಸಿನೊಂದಿಗೆ ಬಾಣಂತನಕ್ಕೆ ಬಂದು ಅಲ್ಲೇ ಇದ್ದಳು. ಹೊಸ ಎಣ್ಣೆಯ ಕಾಲ. ಆಲಿವ್ ಗಾಣದಿಂದ ನೇರ ಬಂದ ಹಸಿರು ಎಣ್ಣೆಯ ಡಬ್ಬಗಳು ಹಜಾರದಲ್ಲಿ ಸಾಲಾಗಿ ನಿಂತಿದ್ದವು. ಮನೆ ತುಂಬ ಖಾರವಾದ ಹಸಿ ವಾಸನೆ. ಬಟ್ಟಲಲ್ಲಿ ಎಣ್ಣೆ ಸುರಿದು ಜವೆಗೋಧಿ ರೊಟ್ಟಿ ಅದ್ದಿ ತಿನ್ನುತ್ತಿದ್ದರೂ ವಿದಾದಳ ಮನಸ್ಸು ಸೋಮವಾರದ ಮೇಲೇ ಇತ್ತು. ಅಷ್ಟು ಸಣ್ಣ ಎದೆಯ ಮಗುವಿಗೆ ಮತ್ತಿನ ಮದ್ದು ಕೊಟ್ಟರೆ ಏಳದೇ ಹೋಗಬಹುದು. ಚೂರು ತೆಗೆದು ನೋಡಿದರೂ ತಿಳಿಯುವುದು ರೋಗದ ಹೆಸರಷ್ಟೇ. ಹೆಸರು ತಿಳಿದರೆ ಗುಣವಾಗುತ್ತದೆಂದೇನಿಲ್ಲ. ‘ಊಟ ಮಾಡೋವಾಗಾದ್ರೂ ಆ ಆಸ್ಪತ್ರೆನ ಹೊರಗೆ ಬಿಡು,’ ಎಂದಳು ತಾಯಿ. ‘ನಿನ್ನ ಮುಖ ನೋಡಿದ್ರೆ ಮೀನಿಗೂ ಬೇಜಾರಾಗುತ್ತೆ.’

ಊಟದ ನಂತರ ಒಳಕೋಣೆಯಲ್ಲಿ ತಾಯಿ ಕೂಸಿಗೆ ಸ್ನಾನ ಮಾಡಿಸಿ, ಚಾಚಿದ ಕಾಲುಗಳ ಮೇಲೆ ಅಂಗಾತ ಮಲಗಿಸಿಕೊಂಡಿದ್ದಳು. ಟವೆಲ್ ಕೊಡಲು ಹೋದ ವಿದಾದ್ ಬಾಗಿಲಲ್ಲೇ ನಿಂತಳು. ತಾಯಿ ಪುಟ್ಟ ಬಟ್ಟಲಿನ ಹಸಿರು ಎಣ್ಣೆಯಲ್ಲಿ ಬೆರಳದ್ದಿ ಕೂಸಿನ ನೆತ್ತಿಗೆ ಹಚ್ಚಿದಳು, ಹೊಕ್ಕುಳಿಗೆ ಹಚ್ಚಿದಳು, ಮತ್ತೆ ಅದ್ದಿ, ಒಂದು ಹೊಳ್ಳೆಗೆ ಬಿಟ್ಟಳು, ಇನ್ನೊಂದಕ್ಕೆ ಬಿಟ್ಟಳು. ಕೂಸು ಕಿರುಚಿತು. ಕಿರುಚಲು ಬಾಯಿ ತೆರೆದಾಗ ನಾಲಿಗೆಗೂ ಒಂದು ಹನಿ.

‘ಅಮ್ಮಾ, ಏನು ಕೊಡ್ತಿದ್ದೀಯ ಅದಕ್ಕೆ?’

‘ಏನೂ ಕೊಡ್ತಿಲ್ಲ. ಸ್ನಾನ ಮಾಡಿಸ್ತಿದ್ದೀನಿ.’

‘ಮೂಗಿಗೆ ಹಾಕಿದೆಯಲ್ಲ.’

‘ಇನ್ನೆಲ್ಲಿಗೆ ಹಾಕೋದು? ಎಣ್ಣೆ ಕಣೇ. ನಿನಗೂ ಹಾಕಿದೀನಿ, ನಿಮ್ಮಪ್ಪನಿಗೂ ಅವರಮ್ಮ ಹಾಕಿದಾರೆ.’ ತಾಯಿ ತಲೆಯೆತ್ತಲೂ ಇಲ್ಲ. ‘ನಾಲ್ಕು ಜನರ ಹಾಗೆ ಮದುವೆಯಾಗಿ ಒಂದು ಹೆತ್ತಿದ್ರೆ ನಿನಗೂ ಗೊತ್ತಿರ್ತಿತ್ತು. ಈ ಮನೇಲಿ ಕೂಸು ಮೀಯಿಸೋವಾಗೆಲ್ಲ ನೀನು ಆಚೆ ಕೋಣೇಲಿ ಪುಸ್ತಕ ಹಿಡ್ಕೊಂಡು ಕೂತಿರ್ತಿದ್ದೆ.’

ಎಂದಿನಂತೆ ಆ ಮಾತು ಚುಚ್ಚಬೇಕಿತ್ತು. ಚುಚ್ಚಲಿಲ್ಲ, ಅದು ಬರೀ ನಿಜವಾಗಿ ಕೇಳಿಸಿತು. ಅರೇಬಿಯಾದ ದೂರದ ಬೆಟ್ಟಗಳಲ್ಲಿ ಕೂಸುಗಳ ಮೂಗಿಗೆ ತುಪ್ಪ ಬಿಡುತ್ತಾರೆ, ಅದು ಶ್ವಾಸಕೋಶಕ್ಕಿಳಿದು ಕಟ್ಟಿಕೊಳ್ಳುತ್ತದೆ ಎಂದು ಆಚೆ ಕೋಣೆಯ ಅದೇ ಮೇಜಿನ ಮೇಲೆ ಓದಿದ್ದಳು. ಇಂಥ ಜನವೂ ಇರುತ್ತಾರಲ್ಲ ಎಂದು ಅಂದುಕೊಂಡಿದ್ದಳು. ತುಪ್ಪ ಅವರದು, ಅಜ್ಞಾನವೂ ಅವರದು. ಎಣ್ಣೆ ನಮ್ಮದು, ಅದು ಮದ್ದಲ್ಲ, ಕೊಡುವ ವಸ್ತುವೇ ಅಲ್ಲ, ನೀರಿನ ಹಾಗೆ ಮನೆಯಲ್ಲಿರುವಂಥದ್ದು. ಮಂಜಿಯಾ ಸುಳ್ಳು ಹೇಳಿರಲಿಲ್ಲ. ಈ ಊರಲ್ಲಿ ಹುಟ್ಟಿ ಬೆಳೆದವಳಾಗಿದ್ದರಿಂದಲೇ ತಾನು ಅದನ್ನು ಕೇಳಿರಲಿಲ್ಲ. ಬೇರೆ ದೇಶದ ಡಾಕ್ಟರಾಗಿದ್ದರೆ ಕೇಳುತ್ತಿದ್ದಳೇನೋ. ‘ಇನ್ನು ಹಾಕಬೇಡಮ್ಮ,’ ಎಂದಳು. ‘ನೂಹಾ, ಹಾಕೋಕೆ ಬಿಡಬೇಡ. ಆಮೇಲೆ ಬಂದು ಹೇಳ್ತೀನಿ.’ ತಾಯಿ ಏನೋ ಗೊಣಗಿದ್ದು ಮೆಟ್ಟಿಲಿಳಿಯುವಾಗ ಕೇಳಿಸಿತು.

ಆಸ್ಪತ್ರೆಯ ಕತ್ತಲೆಕೋಣೆಯಲ್ಲಿ ಇಯಾದನ ಸ್ಕ್ಯಾನನ್ನು ಮತ್ತೆ ತೆರೆದಳು. ಮಬ್ಬು ಎಲ್ಲ ಕಡೆ ಒಂದೇ ಸಮನಾಗಿ ಇರಲಿಲ್ಲ. ದಟ್ಟವಾಗಿದ್ದದ್ದು ಬೆನ್ನಿನ ಕಡೆ, ಅದರಲ್ಲೂ ಬಲಭಾಗದಲ್ಲಿ. ಅಂಗಾತ ಮಲಗಿದ ಮಗುವಿಗೆ ಏನಾದರೂ ಒಳಗಿಳಿದರೆ ಹೋಗಿ ನಿಲ್ಲುವ ಜಾಗದಲ್ಲೇ. ಮೊದಲೂ ಇದನ್ನು ನೋಡಿದ್ದಳು, ನೋಡಿ ಕಾಯಿಲೆಗೆ ತಕ್ಕ ಹಾಗೆ ಅರ್ಥಮಾಡಿಕೊಂಡಿದ್ದಳು. ದಟ್ಟವಾಗಿದ್ದ ಕಡೆ ಬಾಣದ ಗುರುತನ್ನಿಟ್ಟು ಸಾಂದ್ರತೆ ಅಳೆದಳು. ನೀರಿಗಿಂತ ಕಡಿಮೆ ಬಂತು. ಅಷ್ಟು ದಟ್ಟವಾಗಿದ್ದೂ ಹಾಗೆ ತೋರುವುದು ಕೊಬ್ಬು, ಎಣ್ಣೆ ಮಾತ್ರ. ಕುರ್ಚಿಗೆ ಒರಗಿದಳು. ಸಂತೋಷವಾಗಬೇಕಿತ್ತು; ಎಣ್ಣೆ ನಿಲ್ಲಿಸಿದರೆ ನಿಲ್ಲುವ ಕಾಯಿಲೆ. ಆದರೆ ಮೊದಲು ಬಂದದ್ದು ನಾಳಿನ ಶಸ್ತ್ರಚಿಕಿತ್ಸೆ ಬೇಡವೆಂದು ಪ್ರೊಫೆಸರರಿಗೆ ಹೇಗೆ ಹೇಳುವುದೆಂಬ ಅಂಜಿಕೆ. ಅದಕ್ಕೂ ತನ್ನ ಮೇಲೇ ಹೇಸಿಗೆಯಾಯಿತು.

‘ಕೇಳಿದೀನಿ ಅಂದಿದ್ದೆಯಲ್ಲ,’ ಎಂದರು ಪ್ರೊಫೆಸರ್ ಫೋನಿನಲ್ಲಿ.

‘ಮದ್ದು ಕೊಡ್ತೀರಾ ಅಂತ ಕೇಳಿದ್ದೆ ಸರ್. ಸ್ನಾನ ಹೇಗೆ ಮಾಡಿಸ್ತೀರಿ ಅಂತ ಕೇಳಲಿಲ್ಲ. ನಾಳೆ ಎದೆ ಕೊಯ್ಯೋದು ಬೇಡ. ಶ್ವಾಸನಾಳಕ್ಕೆ ಕೊಳವೆ ಇಳಿಸಿ ತೊಳೆದು ನೋಡೋಣ.’

ಬೈಯುತ್ತಾರೆಂದು ಕಾದಳು. ‘ಸ್ವಲ್ಪ ಲೈನಲ್ಲೇ ಇರು,’ ಎಂದರು ಪ್ರೊಫೆಸರ್, ‘ಮೊಮ್ಮಗನ ಸ್ನಾನದ ಹೊತ್ತು. ಒಳಗೊಂದು ಮಾತು ಹೇಳಿ ಬರ್ತೀನಿ.’

ವಾರ್ಡಿನಲ್ಲಿ ಸಿಹೆಮ್ ನಿದ್ದೆಹೋಗಿದ್ದಳು. ಮಂಜಿಯಾ ತೊಟ್ಟಿಲ ಮಂಚದ ಪಕ್ಕ ಕೂತು ಮೊಮ್ಮಗನ ಪಾದ ತಿಕ್ಕುತ್ತಿದ್ದಳು. ವಿದಾದ್ ಈ ಸಲ ನಿಂತು ಮಾತಾಡಲಿಲ್ಲ. ಸ್ಟೂಲ್ ಎಳೆದುಕೊಂಡು ಹತ್ತಿರ ಕೂತಳು. ಏನೆಂದು ಶುರುಮಾಡುವುದು. ಆರೋಪದ ವಾಸನೆ ಬಡಿದರೆ ಮುದುಕಿ ಮತ್ತೆ ಎದೆಯ ಮೇಲೆ ಕೈಯಿಡುತ್ತಾಳೆ.

‘ನಿಮ್ಮ ಕಡೆ ಗಾಣ ಶುರುವಾಯ್ತಾ ದೊಡ್ಡಮ್ಮ?’

‘ಶುರುವಾಗಿ ಎಷ್ಟು ದಿನ ಆಯ್ತು. ಈ ಸಲ ಎಣ್ಣೆ ಅಂದ್ರೆ ಎಣ್ಣೆ, ಗಂಟಲಲ್ಲಿ ಕಚ್ಚುತ್ತೆ.’ ಮುದುಕಿಯ ಮುಖ ವಾರದಲ್ಲಿ ಮೊದಲ ಸಲ ಸಡಿಲವಾಯಿತು. ‘ನೀವು ಸ್ಫಾಕ್ಸಿನವರು ಒಳ್ಳೇದನ್ನೆಲ್ಲ ಇಟಲಿಗೆ ಮಾರಿ, ತಳದಲ್ಲಿ ಉಳಿದ ಮಡ್ಡೀನ ಅಳೆದು ಅಳೆದು ತಿನ್ನೋ ಜನ. ನಿಮಗೇನು ಗೊತ್ತು ಅದರ ರುಚಿ.’

‘ನನ್ನ ತಂಗಿಗೂ ಕೂಸಾಗಿದೆ. ಅಮ್ಮ ಸ್ನಾನ ಮಾಡಿಸೋದು ನೋಡ್ದೆ ಇವತ್ತು. ನೀವು ಹೇಗೆ ಮಾಡಿಸ್ತೀರಿ?’

ಮಂಜಿಯಾ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಕೈಗಳೇ ಮಾತಾಡತೊಡಗಿದವು: ಕಾಲು ಹೀಗೆ ಚಾಚಬೇಕು, ಕೂಸಿನ ತಲೆ ನಮ್ಮ ಪಾದದ ಕಡೆ ತಗ್ಗಿಗೆ ಬರಬೇಕು, ಕೂಸು ಕೊಸರದ ಹಾಗೆ ಗಲ್ಲ ಹಿಡಿದು ಹೊಳ್ಳೆ ತುಂಬ ಬಿಡಬೇಕು, ಎದೆ ಗಟ್ಟಿಯಾಗುತ್ತೆ. ‘ಇಲ್ಲೂ ಬಿಡ್ತಿದೀನಿ,’ ಎಂದು ದನಿ ತಗ್ಗಿಸಿದಳು. ‘ಆ ದಪ್ಪ ನರ್ಸಮ್ಮ ಆಚೆ ಹೋದಾಗ. ಬೈಬೇಡಿ ಮತ್ತೆ. ಪಾಪ, ಉಸಿರು ಕಟ್ಟುತ್ತಲ್ಲ ಅಂತ ಈಗ ಎರಡು ಹೊತ್ತೂ ಬಿಡ್ತಿದೀನಿ.’ ಚೀಲದಿಂದ ಕೆಮ್ಮಿನ ಔಷಧಿಯ ಹಳೆಯ ಪುಟ್ಟ ಸೀಸೆ ತೆಗೆದು ತೋರಿಸಿದಳು. ವಿದಾದ್ ಅದನ್ನು ಕೈಯಲ್ಲಿ ಹಿಡಿದಳು. ಎರಡು ಹೊತ್ತೂ. ಅಜ್ಜಿಯನ್ನು ಒಳಗೆ ಬಿಡಿ ಎಂದವಳು ತಾನು. ಸಿಹೆಮ್ ಕಣ್ಣು ಬಿಟ್ಟಿದ್ದಾಳೆ ಎಂಬುದು ಆಗ ಕಂಡಿತು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ. ‘ಇದು ನನ್ನ ಹತ್ತಿರ ಇರಲಿ ದೊಡ್ಡಮ್ಮ,’ ಎಂದಳು. ‘ನಾಳೆ ಪರೀಕ್ಷೆ ಆಗೋವರೆಗೂ ಮೂಗಿಗೆ, ಬಾಯಿಗೆ ಏನೂ ಬೇಡ. ಹಾಲು ಮಾತ್ರ.’ ಮುದುಕಿ ತಲೆಯಾಡಿಸಿದಳು. ಯಾಕೆಂದು ಕೇಳಲಿಲ್ಲ. ಡಾಕ್ಟರಮ್ಮನಿಗೆ ಒಳ್ಳೆಯ ಎಣ್ಣೆಯ ಆಸೆಯಾಯಿತೆಂದು ತಿಳಿದಿರಲೂಬಹುದು.

ಸೋಮವಾರ ಕೊಳವೆಯಿಂದ ಮರಳಿ ಬಂದ ನೀರು ಹಾಲಿನ ಹಾಗಿತ್ತು. ಗಾಜಿನ ನಳಿಕೆಯಲ್ಲಿ ನಿಲ್ಲಿಸಿಟ್ಟಾಗ ಮೇಲೆ ತೆಳ್ಳನೆಯ ಹೊಳಪಿನ ಪದರ ಕಟ್ಟಿತು. ಸೂಕ್ಷ್ಮದರ್ಶಕದಲ್ಲಿ ಕೊಬ್ಬು ನುಂಗಿ ಉಬ್ಬಿದ ಜೀವಕೋಶಗಳು. ಪ್ರೊಫೆಸರ್ ಕಣ್ಣು ಕಿರಿದು ಮಾಡಿ ನೋಡಿ, ‘ಸರಿ,’ ಎಂದಷ್ಟೇ ಹೇಳಿದರು. ಇನ್ನೂ ಒಂದೆರಡು ಸಲ ತೊಳೆಯಬೇಕು, ತಿಂಗಳುಗಟ್ಟಲೆ ಆಮ್ಲಜನಕ ಬೇಕಾದೀತು, ಆದರೆ ಮಗು ಬದುಕುತ್ತದೆ. ಹೇಳುವುದು ಮಾತ್ರ ಉಳಿದಿತ್ತು.

ಮೂವರನ್ನೂ ಮತ್ತೆ ಅದೇ ಕೋಣೆಯಲ್ಲಿ ಕೂರಿಸಿದಳು. ವಜ್ದಿಯನ್ನು ಗೇಟಿನಿಂದ ಕರೆಸಬೇಕಾಯಿತು. ಮತ್ತಿನಿಂದ ಎದ್ದ ಇಯಾದ್ ತಾಯಿಯ ತೋಳಲ್ಲಿ ತೂಕಡಿಸುತ್ತಿದ್ದ; ಜೊತೆಗೆ ಪುಟ್ಟ ಆಮ್ಲಜನಕದ ಸಿಲಿಂಡರು. ಬೆಳಗಿನಿಂದ ವಿದಾದ್ ಒಂದು ವಾಕ್ಯ ಸಿದ್ಧಮಾಡಿಕೊಂಡಿದ್ದಳು: ಇದರಲ್ಲಿ ಯಾರ ತಪ್ಪೂ ಇಲ್ಲ. ಎಣ್ಣೆ ಎನ್ನುವುದರ ಬದಲು ಹೊರಗಿನ ಪದಾರ್ಥ ಎನ್ನಬಹುದು, ಯಾರು ಹಾಕಿದ್ದು ಎಂಬಲ್ಲಿಗೆ ಮಾತು ಹೋಗದ ಹಾಗೆ ದಾಟಿಸಬಹುದು. ‘ನಾನು ಹೇಳಿದ್ದು ತಪ್ಪಾಗಿತ್ತು,’ ಎಂದು ಶುರುಮಾಡಿದಳು. ‘ಇದು ಹುಟ್ಟಿನಿಂದ ಬಂದ ಕಾಯಿಲೆ ಅಲ್ಲ. ಮಗುವಿನ ಶ್ವಾಸಕೋಶದೊಳಗೆ ಹೊರಗಿನ ಪದಾರ್ಥ...’

‘ಎಣ್ಣೆನಾ?’ ಎಂದಳು ಮಂಜಿಯಾ.

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ‘ಹೌದು ದೊಡ್ಡಮ್ಮ. ಮೂಗಿಗೆ ಬಿಟ್ಟದ್ದು ಒಳಗೆ ಇಳಿದು ನಿಂತಿದೆ.’

ವಜ್ದಿ ತಾಯಿಯ ಕಡೆ ತಿರುಗಿದ. ಅವಳು ಅವನನ್ನು ನೋಡಲಿಲ್ಲ, ವಿದಾದಳನ್ನೇ ನೋಡುತ್ತಿದ್ದಳು. ‘ಹಾಗಾದ್ರೆ ರಕ್ತ?’

‘ರಕ್ತದ್ದಲ್ಲ.’

‘ನನ್ನ ತಮ್ಮನ ಮಗಳಲ್ಲಿ ಏನೂ ದೋಷ ಇಲ್ಲ? ಇನ್ನೊಂದು ಮಗು ಆಗಬಹುದು?’

‘ಆಗಬಹುದು.’

ಮುದುಕಿ ಉದ್ದಕ್ಕೆ ಉಸಿರು ಬಿಟ್ಟಳು. ‘ಅಲ್ಹಮ್ದುಲಿಲ್ಲಾ,’ ಎಂದಳು. ‘ರಕ್ತದಲ್ಲಿದ್ದಿದ್ರೆ ಏನು ಮಾಡೋಕಾಗ್ತಿತ್ತು ಹೇಳಿ. ಕೈಯಿಂದ ಆದದ್ದು ತಾನೆ. ಕೈ ಮಾಡೋದನ್ನ ನಿಲ್ಲಿಸಬಹುದು.’ ಅದನ್ನು ಹೇಳುವಾಗ ಅವಳ ಮುಖದಲ್ಲಿ ನಿಜವಾದ ನೆಮ್ಮದಿಯಿತ್ತು. ಯಾವ ನೋವನ್ನು ಮರೆಮಾಡಲು ತಾನು ಬೆಳಗಿನಿಂದ ಪದಗಳನ್ನು ಹುಡುಕಿದ್ದಳೋ ಅದನ್ನು ಮುದುಕಿ ತಾನಾಗಿ ಎತ್ತಿ ಹೆಗಲಿಗೆ ಹಾಕಿಕೊಂಡದ್ದನ್ನು ಕಂಡು ವಿದಾದಳಿಗೆ ಅಳು ಬಂತು. ಮೇಜಿನ ಮೇಲಿದ್ದ ಪೆನ್ನನ್ನು ಸುಮ್ಮನೆ ಆಚೆ ಈಚೆ ಸರಿಸಿದಳು.

‘ಅಮ್ಮಾ,’ ಎಂದ ವಜ್ದಿ. ದನಿ ಏರಿಸಲಿಲ್ಲ. ‘ಇನ್ಮೇಲೆ ನೀನು ಮಗೂನ ಮುಟ್ಟಬೇಡ.’

‘ಆಗಲಪ್ಪ,’ ಎಂದಳು ಮಂಜಿಯಾ. ಮಡಿಲಲ್ಲಿದ್ದ ಕೈಗಳನ್ನು ಸೆರಗಿನಂತೆ ಹೊದ್ದಿದ್ದ ಬಿಳಿ ಬಟ್ಟೆಯೊಳಗೆ ಎಳೆದುಕೊಂಡಳು. ನೆಮ್ಮದಿ ಮುಖದಿಂದ ಇಳಿದುಹೋಗಲು ಅಷ್ಟೇ ಸಾಕಾಯಿತು. ವಿದಾದ್ ಏನಾದರೂ ಹೇಳಬೇಕಿತ್ತು. ಅವರನ್ನು ಒಳಗೆ ಬಿಟ್ಟದ್ದು ನಾನು, ಸರಿಯಾಗಿ ಕೇಳದೇ ಇದ್ದದ್ದು ನಾನು, ನನ್ನ ತಾಯಿಯೂ ನಿನ್ನೆಯ ತನಕ ಹಾಕುತ್ತಿದ್ದಳು. ಬಾಯಿ ತೆರೆಯುವಷ್ಟರಲ್ಲಿ ಸಿಹೆಮ್ ಎದ್ದಳು.

‘ಎಣ್ಣೆ ಬಿಡೋವಾಗ ನಾನೂ ನೋಡ್ತಾ ಕೂತಿದ್ದೆ ಅಲ್ವಾ,’ ಎಂದಳು ಗಂಡನಿಗೆ. ಆಮೇಲೆ ಮಂಜಿಯಾಳ ಮುಂದೆ ಬಂದು ನಿಂತಳು. ‘ಅತ್ತೆ, ಸ್ವಲ್ಪ ಇವನನ್ನ ಹಿಡ್ಕೊಳ್ಳಿ. ನನ್ನ ತೋಳು ಜೋಮು ಹಿಡಿದಿದೆ.’

ಮಂಜಿಯಾ ಕೈ ಚಾಚಲಿಲ್ಲ. ಸಿಹೆಮ್ ಕಾಯಲೂ ಇಲ್ಲ. ನಳಿಗೆ ಎಳೆಯದ ಹಾಗೆ ಸಿಲಿಂಡರನ್ನು ಕಾಲಿನಿಂದ ಹತ್ತಿರ ಸರಿಸಿ, ಮಗುವನ್ನು ಅವಳ ಮಡಿಲಲ್ಲಿ ಇಟ್ಟೇಬಿಟ್ಟಳು. ಮುದುಕಿ ಎರಡೂ ಮುಷ್ಟಿ ಬಿಗಿಯಾಗಿ ಮುಚ್ಚಿಕೊಂಡು, ಅಂಗೈ ತಾಗಿಸದೆ, ಮೊಣಕೈಗಳಲ್ಲೇ ಮೊಮ್ಮಗನನ್ನು ಒತ್ತಿ ಹಿಡಿದಳು. ಮಗು ಒಂದು ಕಡೆ ವಾಲಿತು.

‘ಹಾಗಲ್ಲ ಅತ್ತೆ, ಬೀಳ್ತಾನೆ,’ ಎಂದಳು ಸಿಹೆಮ್. ‘ಸರಿಯಾಗಿ ಹಿಡ್ಕೊಳ್ಳಿ.’